ಕೋಣೆಯೊಳಗಿನ ರೈಲುದಾರಿ

ಬೆಂಕಿಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ, ಜಗಲಿಯ ಉದ್ದಕ್ಕೂ ಎಳೆದುಕೊಂಡು ಹೋಗುತ್ತ ‘ಕೂ’ ಎಂದು ಕೂಗಿದವರು ನಮ್ಮಲ್ಲಿ ಅನೇಕರಿದ್ದಾರೆ. ಈ ಆಟವನ್ನೇ ದೊಡ್ಡವರು ಕೈಗೆತ್ತಿಕೊಂಡು, ಅದಕ್ಕೆ ಅಳತೆಯ ಕಟ್ಟುನಿಟ್ಟನ್ನೂ ವಿದ್ಯುತ್ತಿನ ಚಲನೆಯನ್ನೂ ಕೊಟ್ಟಾಗ ಮಾದರಿ ರೈಲು ಹುಟ್ಟಿತು. ಇಂಗ್ಲೆಂಡ್, ಜರ್ಮನಿ, ಅಮೆರಿಕ ಮೊದಲಾದ ದೇಶಗಳಲ್ಲಿ ಇದು ಲಕ್ಷಾಂತರ ಜನರ ಹವ್ಯಾಸ. ಲಂಡನ್ನಿನಲ್ಲಿ ಇದಕ್ಕೆಂದೇ 1910ರಲ್ಲಿ ಒಂದು ಸಂಘ ಸ್ಥಾಪಿತವಾಯಿತು. ಅಲ್ಲಿನ ಊರುಗಳಲ್ಲಿ ಸಭಾಭವನವನ್ನೋ ಶಾಲೆಯ ಹಜಾರವನ್ನೋ ಹಿಡಿದು ಪ್ರದರ್ಶನಗಳನ್ನು ಏರ್ಪಡಿಸುತ್ತಾರೆ. ತಂದೆತಾಯಿಗಳು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಬಹಳ ವೇಳೆ ಮಕ್ಕಳಿಗಿಂತ ತಂದೆಯಂದಿರೇ ಹೆಚ್ಚು ಹೊತ್ತು ನಿಲ್ಲುತ್ತಾರೆ. ನಮ್ಮ ನೆರೆಯ ಪುಣೆಯಲ್ಲಿ 1998ರಲ್ಲಿ ಮಾದರಿ ರೈಲುಗಳ ಸಂಗ್ರಹಾಲಯವೊಂದು ತೆರೆಯಿತು. ಮೈಸೂರಿನಲ್ಲಿ 1979ರಿಂದ ಇರುವ ರೈಲು ವಸ್ತುಸಂಗ್ರಹಾಲಯದಲ್ಲಿ ನಿಜವಾದ ಹಳೆಯ ಇಂಜಿನುಗಳನ್ನೇ ಮುಟ್ಟಿ ನೋಡಬಹುದು.

ಅಂಥ ಒಂದು ಪ್ರದರ್ಶನವನ್ನು ಶಂಕರಘಟ್ಟದಲ್ಲಿ ಏರ್ಪಡಿಸುವುದಾದರೆ ಏನೇನು ಬೇಕಾದೀತು, ಅದರಲ್ಲಿ ಯಾವ ಯಾವ ತೊಡಕುಗಳು ಎದುರಾದಾವು ಎಂಬುದನ್ನು ವಾಚಕರೊಡನೆ ಸೇರಿ ಆಲೋಚಿಸೋಣ. ಶಂಕರಘಟ್ಟವನ್ನು ಆರಿಸಿಕೊಳ್ಳಲು ಕಾರಣವಿದೆ. ಕುವೆಂಪು ವಿಶ್ವವಿದ್ಯಾನಿಲಯವಿರುವ ಈ ಊರಿಗೆ ರೈಲಿಲ್ಲ. ಆದರೆ ಸುತ್ತಮುತ್ತಲ ಸೀಮೆಯಲ್ಲಿ ಒಂದು ಕಾಲಕ್ಕೆ ಎರಡು ಬಗೆಯ ರೈಲುಗಳು ಓಡುತ್ತಿದ್ದುವು. ಇಂದು ಅವೆರಡೂ ಇಲ್ಲ.

ಬೀರೂರಿನಿಂದ ತರೀಕೆರೆ, ಭದ್ರಾವತಿಗಳ ಮೂಲಕ ಶಿವಮೊಗ್ಗಕ್ಕೆ 1899ರಲ್ಲಿ ಮೀಟರ್ ಗೇಜಿನ ರೈಲುದಾರಿ ಬಂತು. ಮುಂದೆ ಅದು ಸಾಗರವನ್ನು ಹಾದು, ಜೋಗಕ್ಕೆ ಸಮೀಪದ ತಾಳಗುಪ್ಪದವರೆಗೆ ಬೆಳೆಯಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಎರಡೇ ಅಡಿ ಅಗಲದ ಕಂಬಿಗಳ ಮೇಲೆ ಪುಟ್ಟ ರೈಲೊಂದು ಓಡುತ್ತಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸವನ್ನಾರಂಭಿಸಿದಾಗ ಅದಕ್ಕೆ ಅದಿರು ಕೆಮ್ಮಣ್ಣುಗುಂಡಿಯಿಂದಲೂ, ಇದ್ದಿಲಿಗೆ ಸೌದೆ ಸುತ್ತಣ ಕಾಡುಗಳಿಂದಲೂ ಬರಬೇಕಾಗಿದ್ದಿತು. ಆ ಸಾಗಾಣಿಕೆಯಲ್ಲೂ ಸಣ್ಣ ಗೇಜಿನ ಟ್ರಾಮುದಾರಿಗಳು ದುಡಿದುವು. ಪುಟ್ಟ ರೈಲುಗಳು ನಿಂತುಹೋಗಿ ದಶಕಗಳೇ ಕಳೆದಿವೆ. ಶಿವಮೊಗ್ಗದ ಮೀಟರ್ ಗೇಜು ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಾಡ್ ಗೇಜಾಯಿತು; ತಾಳಗುಪ್ಪಕ್ಕೆ ಬ್ರಾಡ್ ಗೇಜಿನ ಗಾಡಿ 2011ರಲ್ಲಿ ಬಂತು. ಆದುದರಿಂದ ಇಲ್ಲಿಯ ಮಗುವಿಗೆ ಅಜ್ಜ ಏರಿದ ರೈಲನ್ನು ತೋರಿಸಬೇಕಾದರೆ ಮಾದರಿಯೊಂದೇ ದಾರಿ.

ಪ್ರಮಾಣವೂ ಗೇಜೂ

ಮಾದರಿ ರೈಲಿನವರ ಬಾಯಲ್ಲಿ ಎರಡು ಮಾತುಗಳು ಸದಾ ಕೇಳಿಬರುತ್ತವೆ: ಪ್ರಮಾಣ ಮತ್ತು ಗೇಜು. ಇವನ್ನು ಒಂದೇ ಎಂದು ತಿಳಿಯಬಾರದು. ನಿಜವಾದ ವಸ್ತುವಿನ ಎಷ್ಟನೆಯ ಒಂದು ಪಾಲು ನಮ್ಮ ಮಾದರಿ ಎಂಬುದು ಪ್ರಮಾಣ. ಎರಡು ಕಂಬಿಗಳ ಒಳಅಂಚುಗಳ ನಡುವಣ ಅಂತರವೇ ಗೇಜು.

ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಪ್ರಮಾಣ ಎಂಬತ್ತೇಳರಲ್ಲೊಂದು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಹಿಂದೆ ‘ಸೊನ್ನೆ ಗೇಜು’ ಎಂಬ 32 ಮಿಲಿಮೀಟರಿನ ಆಟದ ಕಂಬಿ ಪ್ರಚಾರದಲ್ಲಿತ್ತು. ಅದು ಸಾಮಾನ್ಯರ ಮನೆಗೆ ದೊಡ್ಡದಾಯಿತೆಂದು ಅದರ ಸುಮಾರು ಅರ್ಧದಷ್ಟು, ಎಂದರೆ 16.5 ಮಿಲಿಮೀಟರಿನ ಕಂಬಿಯನ್ನು ಮಾಡಿದರು. ಐರೋಪ್ಯ ರೈಲುದಾರಿಗಳ ಗೇಜು 1435 ಮಿಲಿಮೀಟರು. ಅದನ್ನು 16.5ರಿಂದ ಭಾಗಿಸಿದರೆ 87 ಬರುತ್ತದೆ.

ಇಲ್ಲಿಯೇ ನಮ್ಮ ದೇಶದ ಹವ್ಯಾಸಿಗೆ ಮೊದಲನೆಯ ತೊಡಕು. ನಮ್ಮ ಬ್ರಾಡ್ ಗೇಜು 1676 ಮಿಲಿಮೀಟರು. 87ರಿಂದ ಭಾಗಿಸಿದರೆ 19.3 ಆಗುತ್ತದೆ. ಮೀಟರ್ ಗೇಜು 11.5 ಆಗುತ್ತದೆ, ತರೀಕೆರೆಯ ಎರಡಡಿಯ ಪುಟ್ಟ ರೈಲಿನ ಗೇಜು ಕೇವಲ 7 ಮಿಲಿಮೀಟರಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಕ್ಕುವ 16.5ರ ಕಂಬಿ ಇವುಗಳಲ್ಲಿ ಯಾವುದಕ್ಕೂ ಹೊಂದದು. ಅದರ ಮೇಲೆ ನಮ್ಮ ಬ್ರಾಡ್ ಗೇಜಿನ ಗಾಡಿಯನ್ನು ಓಡಿಸಬೇಕೆಂದರೆ ಪ್ರಮಾಣವನ್ನು ಸುಮಾರು ನೂರಎರಡರಲ್ಲೊಂದಕ್ಕೆ ಇಳಿಸಬೇಕು. ಇಲ್ಲವೆ ಗಾಡಿಯ ಕಾಲು ಕೊಂಚ ಕಿರಿದಾದುದನ್ನು ಕಂಡೂ ಕಾಣದಂತೆ ಸಹಿಸಬೇಕು. ಮೀಟರ್ ಗೇಜಿಗೆ ಸ್ವಿಟ್ಸರ್ಲೆಂಡಿನ ಬೆಟ್ಟದ ರೈಲುಗಳ ಪುಣ್ಯದಿಂದ 12 ಮಿಲಿಮೀಟರಿನ ಕಂಬಿ ತಯಾರಾಗುತ್ತದೆ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಕಣ್ಣಿಗೆ ಕಾಣದು. ಆದುದರಿಂದ ನಮ್ಮ ಶಂಕರಘಟ್ಟದ ಪ್ರದರ್ಶನಕ್ಕೆ ಹಳೆಯ ಮೀಟರ್ ಗೇಜಿನ ಶಿವಮೊಗ್ಗ ದಾರಿಯೇ ಅನುಕೂಲವಾದುದು.

ಉದ್ದ ಕುಗ್ಗಿದರೂ ಸಾಲದು

ಮೀಟರ್ ಗೇಜಿನಲ್ಲಿ ಪ್ರಯಾಣಿಕರ ಗಾಡಿಗಳನ್ನೆಳೆದ ವೈ.ಪಿ. ವರ್ಗದ ಉಗಿ ಇಂಜಿನು ಟೆಂಡರೂ ಸೇರಿ ಸುಮಾರು 19 ಮೀಟರು ಉದ್ದವಿತ್ತು. ನಮ್ಮ ಮಾದರಿಯಲ್ಲಿ ಅದು 22 ಸೆಂಟಿಮೀಟರು, ಎಂದರೆ ಒಂದು ಗೇಣು. ಇದೇನೋ ಸರಿಯೇ. ಆದರೆ ದಾರಿಯ ಉದ್ದ? ಭದ್ರಾವತಿಗೂ ಶಿವಮೊಗ್ಗಕ್ಕೂ ನಡುವೆ 18 ಕಿಲೋಮೀಟರೆಂದು ಇಟ್ಟುಕೊಂಡರೂ 87ರಲ್ಲೊಂದು ಪಾಲು 200 ಮೀಟರನ್ನು ಮೀರುತ್ತದೆ. ಆರು ಮೀಟರು ಉದ್ದದ ಮೇಜಿನ ಮೇಲೆ ಹಿಡಿಸುವುದು ನಿಜವಾದ ದಾರಿಯ 522 ಮೀಟರು ಮಾತ್ರ. ಒಂದು ಸಣ್ಣ ಸ್ಟೇಷನ್ನಿಗೇ ಅದು ಮುಗಿದುಹೋಗುತ್ತದೆ. ಆದುದರಿಂದ ಮಾದರಿಕಾರನು ಎರಡು ಊರುಗಳ ನಡುವಣ ಬಯಲನ್ನು ಬಿಟ್ಟು, ಊರುಗಳನ್ನು ಮಾತ್ರ ಉಳಿಸಿಕೊಳ್ಳುತ್ತಾನೆ.

ತಿರುವುಗಳಲ್ಲಿ ಈ ಸುಳ್ಳು ಇನ್ನೂ ದೊಡ್ಡದು. ಮೀಟರ್ ಗೇಜಿನಲ್ಲಿ ರೈಲ್ವೆಯವರು ಒಪ್ಪುವ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 109 ಮೀಟರು. ಮಾದರಿಯಲ್ಲಿ ಅದು ಒಂದೂಕಾಲು ಮೀಟರಾಗುತ್ತದೆ; ಅರ್ಧವೃತ್ತ ತಿರುಗಿ ಬರಲು ಎರಡೂವರೆ ಮೀಟರು ಅಗಲದ ಮೇಜು ಬೇಕು. ಆಟದ ಪೆಟ್ಟಿಗೆಗಳಲ್ಲಿ ಬರುವ ಕಂಬಿಯ ತ್ರಿಜ್ಯ ಸಾಮಾನ್ಯವಾಗಿ 36 ಸೆಂಟಿಮೀಟರು. ನಿಜವಾದ ದಾರಿಯಲ್ಲಿ ಅದಕ್ಕೆ ಸಮನಾದುದು 31 ಮೀಟರಿನ ತಿರುವು; ಅಲ್ಲಿಗೆ ಬಂದ ಯಾವ ದೊಡ್ಡ ಗಾಡಿಯೂ ಕಂಬಿಯ ಮೇಲೆ ಉಳಿಯದು.

ತೂಕದ ವಿಚಾರ ಬೇರೆ ಬಗೆಯದು. ಉದ್ದ 87 ಪಾಲು ಕುಗ್ಗಿದರೆ ವಿಸ್ತೀರ್ಣ 87ರ ವರ್ಗದಷ್ಟು, ಎಂದರೆ 7,569 ಪಾಲು ಕುಗ್ಗುತ್ತದೆ. ಘನಫಲವೂ, ಅದರೊಡನೆ ತೂಕವೂ 87ರ ಘನದಷ್ಟು, ಎಂದರೆ 6,58,503 ಪಾಲು ಕುಗ್ಗುತ್ತವೆ. ನೂರು ಟನ್ನಿನ ಇಂಜಿನು 152 ಗ್ರಾಮಿಗೆ ಇಳಿದು ಒಂದು ಮಾವಿನಹಣ್ಣಿನಷ್ಟು ಹಗುರವಾಗುತ್ತದೆ. ಆದರೆ ಕಂಬಿಯ ಮೇಲಿನ ಧೂಳಿನ ಕಣ ಕುಗ್ಗಿಲ್ಲವಷ್ಟೆ! ನಿಜವಾದ ಇಂಜಿನಿನ ಗಾಲಿ ಅದನ್ನು ಅರೆದುಬಿಡುತ್ತದೆ. ಮಾದರಿಯ ಗಾಲಿ ಅದರ ಮೇಲೇರಿ ಕಂಬಿಯ ಸಂಪರ್ಕವನ್ನು ಕಳೆದುಕೊಂಡು ನಿಲ್ಲುತ್ತದೆ. ಆದುದರಿಂದಲೇ ಮಾದರಿ ಇಂಜಿನುಗಳೊಳಗೆ ಸೀಸವನ್ನೋ ಇತರ ಲೋಹವನ್ನೋ ತುಂಬಿ ತೂಕವನ್ನು ಹೆಚ್ಚಿಸುತ್ತಾರೆ. ಪ್ರದರ್ಶನದ ದಿನ ಬೆಳಗ್ಗೆ ಮೊದಲ ಕೆಲಸವಾಗಿ ಬಟ್ಟೆ ಹಿಡಿದು ಕಂಬಿಗಳನ್ನು ಒರೆಸುತ್ತಾರೆ.

ಇದರಿಂದ ಮತ್ತೊಂದು ಎಚ್ಚರಿಕೆಯೂ ಹೊರಡುತ್ತದೆ. ಸೇತುವೆಯ ಬಲ ಅದರ ತೊಲೆಗಳ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸುತ್ತದೆ. ಅದು ಹೊರುವ ಭಾರ ಘನಫಲವನ್ನು ಅನುಸರಿಸುತ್ತದೆ. ಭಾರವು ಬಲಕ್ಕಿಂತ 87 ಪಟ್ಟು ಹೆಚ್ಚಾಗಿ ಕುಗ್ಗುವುದರಿಂದ ರಟ್ಟಿನ ಸೇತುವೆಯೂ ಮಾದರಿ ರೈಲನ್ನು ಸುಖವಾಗಿ ಹೊರುತ್ತದೆ. ಮಾದರಿ ನಿಂತಿತೆಂದು ಅದೇ ಆಕಾರದ ದೊಡ್ಡ ಸೇತುವೆಯೂ ನಿಂತೀತೆಂದು ನಂಬಿದರೆ ಅನಾಹುತವೇ ಸರಿ. ಈ ಮಾತನ್ನು ಗೆಲಿಲಿಯೊ 1638ರಲ್ಲೇ ಪ್ರಾಣಿಗಳ ಎಲುಬುಗಳ ಉದಾಹರಣೆಯಿಂದ ವಿವರಿಸಿದ್ದನು.

ಕುಗ್ಗದ ಕಾಲ

ಗಂಟೆಗೆ 50 ಕಿಲೋಮೀಟರು ಓಡುವ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರು ಸಾಗುತ್ತದೆ. ಮಾದರಿಯಲ್ಲಿ ಅದು ಸೆಕೆಂಡಿಗೆ 16 ಸೆಂಟಿಮೀಟರು ಸಾಗಿದರೆ ಸಾಕು. ಉತ್ಸಾಹದ ಹುಡುಗನು ಗುಂಡಿಯನ್ನು ತಿರುಗಿಸಿ ಸೆಕೆಂಡಿಗೆ ಒಂದು ಮೀಟರು ಓಡಿಸಿದನೆಂದರೆ, ಪಾಪ, ಆ ಮೀಟರ್ ಗೇಜಿನ ಗಾಡಿ ಗಂಟೆಗೆ 313 ಕಿಲೋಮೀಟರಿನಲ್ಲಿ ಹಾರುತ್ತಿದೆ ಎಂದು ಅರ್ಥ! ಪ್ರದರ್ಶನಕ್ಕೆ ಬಂದ ಮಕ್ಕಳಿಗೆ ಮೊದಲು ಬೇಸರವೆನ್ನಿಸುವುದೂ, ಆಮೇಲೆ ನಿಜವೆನ್ನಿಸುವುದೂ ಈ ನಿಧಾನವೇ.

ತಾಳಗುಪ್ಪವನ್ನು ಮಾಡಿದ ಮೇಲೆ ಜೋಗವನ್ನು ಬಿಡುವುದು ಹೇಗೆ? 253 ಮೀಟರಿನ ಜಲಪಾತ ನಮ್ಮ ಪ್ರಮಾಣದಲ್ಲಿ 2.9 ಮೀಟರಾಗುತ್ತದೆ, ಹಜಾರದ ಒಂದು ಗೋಡೆಗೆ ಅದು ಹಿಡಿಸುತ್ತದೆ. ಸಣ್ಣ ಪಂಪನ್ನಿಟ್ಟು ನೀರನ್ನು ಹರಿಸಿದರೆ ಜೋಗವಾದೀತೆ? ಆಗದು. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಜೋಗದ ಮೇಲಿನಿಂದ ಬಿದ್ದ ನೀರು ತಳವನ್ನು ಮುಟ್ಟಲು ಏಳು ಸೆಕೆಂಡುಗಳಿಗಿಂತ ತುಸು ಹೆಚ್ಚು ಬೇಕು. ಮಾದರಿಯಲ್ಲಿ ಮುಕ್ಕಾಲು ಸೆಕೆಂಡಿನಲ್ಲಿಯೇ ಬಿದ್ದುಹೋಗುತ್ತದೆ. ಬೀಳುವ ಕಾಲವು ಎತ್ತರದ ವರ್ಗಮೂಲವನ್ನು ಅನುಸರಿಸುವುದರಿಂದ 87ರ ವರ್ಗಮೂಲ, ಎಂದರೆ ಸುಮಾರು 9.3 ಪಟ್ಟು ಅದು ಅವಸರಪಡುತ್ತದೆ. ಹನಿಗಳಂತೂ ಕುಗ್ಗುವುದೇ ಇಲ್ಲ. ನೀರಿನ ಮೇಲ್ಮೈಯ ಬಿಗಿತವು ಹನಿಗೆ ತನ್ನದೇ ಗಾತ್ರವನ್ನು ಕೊಡುತ್ತದೆ. ಬೆರಳೆತ್ತರದ ಮನುಷ್ಯನೂ ಇಲ್ಲದ ಆ ಲೋಕದಲ್ಲಿ ಒಂದೊಂದು ಹನಿಯೂ ಕುಂಬಳಕಾಯಿಯಷ್ಟಾಗಿ ತೋರುತ್ತದೆ. ಆದುದರಿಂದ ಬಲ್ಲವರು ನೀರನ್ನು ಬಿಟ್ಟು, ಹತ್ತಿಯ ಎಳೆಗಳಿಂದಲೂ ಪಾರದರ್ಶಕ ರಾಳದಿಂದಲೂ ಜಲಪಾತವನ್ನು ಮಾಡುತ್ತಾರೆ.

ಈ ವರ್ಗಮೂಲದ ನಿಯಮ ಬರಿಯ ಆಟದ್ದಲ್ಲ. ಅಣೆಕಟ್ಟಿನ ಕೋಡಿಯಿಂದ ನೀರು ಹೇಗೆ ಧುಮುಕೀತೆಂಬುದನ್ನು ಇಂಜಿನಿಯರುಗಳು ಮೊದಲು ಮಾದರಿಯಲ್ಲಿ ಪರೀಕ್ಷಿಸುತ್ತಾರೆ. ಕೃಷ್ಣರಾಜಸಾಗರದ ಸಂಶೋಧನ ಕೇಂದ್ರದಲ್ಲಿ ನಡೆಯುವ ಇಂಥ ಪ್ರಯೋಗಗಳಲ್ಲಿ ಮಾದರಿಯ ವೇಗದಿಂದ ನಿಜವಾದ ವೇಗವನ್ನು ಲೆಕ್ಕ ಹಾಕುವುದು ಈ ನಿಯಮದಿಂದಲೇ. ಭದ್ರಾ ಅಣೆಕಟ್ಟಿನ ನೆರೆಯಲ್ಲಿ ಬೆಳೆಯುವ ಶಂಕರಘಟ್ಟದ ಮಕ್ಕಳಿಗೆ ಇದು ತಿಳಿದಿರಲೇಬೇಕಾದ ವಿಷಯ.

ಗಾಡಿಯನ್ನು ಓಡಿಸುವ ಬಗೆ

ಇನ್ನು ವಿದ್ಯುತ್ತು. ಎರಡು ಕಂಬಿಗಳಲ್ಲಿ ಒಂದು ಧನ, ಒಂದು ಋಣ. ನಡುವೆ 12 ವೋಲ್ಟಿನ ನೇರ ವಿದ್ಯುತ್ತು. ಮಕ್ಕಳು ಮುಟ್ಟಿದರೂ ಅಪಾಯವಿಲ್ಲ. ಎಡಗಾಲಿಗೂ ಬಲಗಾಲಿಗೂ ನಡುವೆ ವಿದ್ಯುತ್ತು ಹರಿಯದಂತೆ ಅಚ್ಚಿನಲ್ಲಿ ತಡೆಯಿರುತ್ತದೆ. ಪ್ರವಾಹವು ಒಂದು ಕಂಬಿಯಿಂದ ಗಾಲಿಯ ಮೂಲಕ ಮೋಟಾರಿಗೆ ಏರಿ, ಇನ್ನೊಂದು ಕಡೆಯ ಗಾಲಿಯಿಂದ ಇಳಿಯುತ್ತದೆ. ವೋಲ್ಟೇಜು ಹೆಚ್ಚಿದರೆ ವೇಗ ಹೆಚ್ಚುತ್ತದೆ. ಧನಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ.

ಇಲ್ಲೊಂದು ಸೊಗಸಾದ ಸಮಸ್ಯೆಯಿದೆ. ಗಾಡಿ ಒಂದು ಕುಣಿಕೆಯಾಕಾರದ ದಾರಿಯನ್ನು ಸುತ್ತಿ, ಹೊರಟ ಕಂಬಿಗೇ ಮರಳಿ ಬರುವಂತೆ ಮಾಡಿದರೆ ಏನಾಗುತ್ತದೆ? ಸುತ್ತಿಬಂದ ಎಡಗಂಬಿ ಹೊರಟ ಬಲಗಂಬಿಯನ್ನು ಸೇರುತ್ತದೆ. ಧನವೂ ಋಣವೂ ನೇರವಾಗಿ ತಾಗಿ ಶಾರ್ಟ್ ಸರ್ಕ್ಯೂಟಾಗುತ್ತದೆ. ವಾಚಕರು ಕಾಗದದ ಮೇಲೆ ಎರಡು ಗೆರೆಗಳನ್ನೆಳೆದು ಇದನ್ನು ಪರೀಕ್ಷಿಸಬಹುದು. ಪರಿಹಾರವೆಂದರೆ, ಕುಣಿಕೆಯನ್ನು ಎರಡೂ ತುದಿಗಳಲ್ಲಿ ಕತ್ತರಿಸಿ ಬೇರೆಯ ಮಂಡಲವಾಗಿ ಮಾಡಿ, ಗಾಡಿ ಅದರೊಳಗಿರುವಾಗ ಹೊರಗಿನ ಧನಋಣಗಳನ್ನು ಬದಲಿಸುವುದು.

ಒಂದೇ ಕಂಬಿಯ ಮೇಲೆ ಎರಡು ಇಂಜಿನುಗಳಿದ್ದರೆ ಹಳೆಯ ಕ್ರಮದಲ್ಲಿ ಎರಡೂ ಒಟ್ಟಿಗೆ ಹೊರಡುತ್ತವೆ. 1990ರ ದಶಕದಿಂದ ಪ್ರಚಾರಕ್ಕೆ ಬಂದ ಅಂಕೀಯ ಕ್ರಮದಲ್ಲಿ ಪ್ರತಿ ಇಂಜಿನಿಗೂ ಒಂದು ವಿಳಾಸಸಂಖ್ಯೆಯಿರುತ್ತದೆ. ಕಂಬಿಯಲ್ಲಿ ವಿದ್ಯುತ್ತಿನೊಡನೆಯೇ ಆಜ್ಞೆಗಳೂ ಹರಿಯುತ್ತವೆ. ತನ್ನ ಸಂಖ್ಯೆಯನ್ನು ಕೇಳಿದ ಇಂಜಿನು ಮಾತ್ರ ಓಗೊಡುತ್ತದೆ. ಅಂಚೆಯವನು ಬೀದಿಯಲ್ಲಿ ಹೆಸರು ಕೂಗಿದಾಗ ಆಯಾ ಮನೆಯವರು ಮಾತ್ರ ಹೊರಬರುವಂತೆ ಇದು.

ಮೊದಲು ಅಳತೆ, ಆಮೇಲೆ ಮಾದರಿ

ಹೀಗೆ ಮಾದರಿ ರೈಲು ಎಂದರೆ ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವ ಕೆಲಸವಲ್ಲ. ಉದ್ದವೊಂದು ಬಗೆಯಾಗಿ, ತೂಕವೊಂದು ಬಗೆಯಾಗಿ, ಕಾಲ ಇನ್ನೊಂದು ಬಗೆಯಾಗಿ ನಡೆದುಕೊಳ್ಳುತ್ತವೆ. ಧೂಳೂ ನೀರಹನಿಯೂ ಯಾರ ಮಾತನ್ನೂ ಕೇಳವು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂದು ಮಾದರಿಕಾರನು ತಿಳಿದು ನಿರ್ಧರಿಸಬೇಕು.

ಆದರೆ ಇವೆಲ್ಲಕ್ಕೂ ಮೊದಲು ಅಳತೆ ಬೇಕು. ದೊಡ್ಡ ದೊಡ್ಡ ಇಂಜಿನುಗಳ ನಕ್ಷೆಗಳು ಎಲ್ಲಾದರೂ ಸಿಕ್ಕಾವು. ಆದರೆ ಹಳೆಯ ಸ್ಟೇಷನ್ನಿನ ಹೆಂಚಿನ ಮಾಡು ಎಷ್ಟು ಓರೆಯಾಗಿತ್ತು, ಪ್ಲಾಟ್‌ಫಾರಂ ನೆಲದಿಂದ ಎಷ್ಟೆತ್ತರವಿತ್ತು, ಇಂಜಿನಿಗೆ ನೀರು ಹಿಡಿಯುವ ಕಂಬ ಎಲ್ಲಿತ್ತು, ಕಾಡಿನ ಪುಟ್ಟ ರೈಲು ಯಾವ ಹಳ್ಳವನ್ನು ಎಲ್ಲಿ ದಾಟುತ್ತಿತ್ತು ಎಂಬುದನ್ನು ಯಾರ ಬಳಿ ಕೇಳುವುದು? ಅದನ್ನು ಕಣ್ಣಾರೆ ಕಂಡವರಿಗೆ ವಯಸ್ಸಾಗುತ್ತಿದೆ. ಕಟ್ಟಡಗಳೂ ಒಂದೊಂದಾಗಿ ಕೆಡವಲ್ಪಡುತ್ತಿವೆ. ಒಂದು ಅಳತೆಪಟ್ಟಿ, ಒಂದು ನೋಟ್‌ಪುಸ್ತಕ, ಒಂದು ರಜೆಯ ದಿನ, ಇಷ್ಟಿದ್ದರೆ ಹೈಸ್ಕೂಲಿನ ಹುಡುಗಹುಡುಗಿಯರೂ ಈ ಕೆಲಸವನ್ನು ಆರಂಭಿಸಬಹುದು. ಕಂಬಿ, ಮೋಟಾರುಗಳನ್ನು ಆಮೇಲೆ ಕೊಳ್ಳಬಹುದು. ರಟ್ಟಿನಿಂದ ಒಂದು ಸ್ಟೇಷನ್ನನ್ನು ಮಾಡಿ ನಿಲ್ಲಿಸಿದರೂ ಪ್ರದರ್ಶನ ಆರಂಭವಾದಂತೆಯೇ. ಅದರ ಮುಂದೆ ನಿಂತ ಅಜ್ಜನೊಬ್ಬನು ‘ಬಾಗಿಲು ಈ ಕಡೆಗಿರಲಿಲ್ಲ, ಆ ಕಡೆಗಿತ್ತು’ ಎಂದು ತಿದ್ದಿದರೆ ಬೇಸರಪಡಬಾರದು. ಅವನ ಮಾತನ್ನು ಕೂಡಲೇ ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳಬೇಕು.