ಮನೆಯೊಳಗಿನ ಪೀಡೆ ಮತ್ತು ಗಂಡಸು

ಪ್ರಶ್ನೆ: ಮನೆಯವರಿಂದಲೇ ಪೀಡಿತನಾದ ಪುರುಷನಿಗೆ ಕಾನೂನಿನ ಆಸರೆಯುಂಟೆ? (ಕೆರಗೋಡಿನ ಓದುಗರೊಬ್ಬರು)

ಉತ್ತರ: ಉಂಟು, ಆದರೆ ಚದುರಿದೆ. 2005ರ ಕೌಟುಂಬಿಕ ಹಿಂಸೆ ಕಾಯಿದೆಯು ಸ್ತ್ರೀರಕ್ಷಣೆಗೆಂದೇ ರಚಿತವಾದುದರಿಂದ ಪುರುಷನು ಅದರಡಿ ಫಿರ್ಯಾದಿಯಾಗಲಾರನು. ಹಲ್ಲೆಗೆ ಭಾರತೀಯ ನ್ಯಾಯಸಂಹಿತೆಯೂ, ಕ್ರೌರ್ಯಮೂಲವಾದ ವಿಚ್ಛೇದನಕ್ಕೆ 1955ರ ಹಿಂದೂ ವಿವಾಹ ಕಾಯಿದೆಯೂ ಅವನಿಗೆ ತೆರೆದಿವೆ. ಇನ್ನು, ಕಬ್ಬಿನ ಗದ್ದೆಯನ್ನು ಮಗನಿಗೆ ದಾನವಿತ್ತು, ಬಳಿಕ ತುತ್ತನ್ನಕ್ಕೂ ಬೈಗುಳಕ್ಕೂ ಅವನ ಜಗಲಿಯಲ್ಲೇ ಕಾದು ಕೂರುವ ವೃದ್ಧ ತಂದೆಯ ಮಾತು: ದಾನಕ್ಕಿಟ್ಟ ಪೋಷಣೆಯ ನಿಬಂಧನೆಯನ್ನು ಮಗನು ಮುರಿದಲ್ಲಿ, ಅರವತ್ತು ತುಂಬಿದ ತಂದೆಯು 2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಪ್ರಕರಣದನ್ವಯ, ಮಂಡ್ಯದ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯಲ್ಲಿ ಆ ದಾನವನ್ನೇ ರದ್ದುಗೊಳಿಸುವಂತೆ ಪ್ರಾರ್ಥಿಸಬಹುದು. ಆದುದರಿಂದ, ಮಮತೆಯ ಸಂಕೋಚವನ್ನು ತೊರೆದು, ನಿಬಂಧನೆಯನ್ನು ದಾನಪತ್ರದಲ್ಲೇ ಬರೆಸತಕ್ಕದ್ದು. ಏಟು ಬೀಳುವಾಗ 112ಕ್ಕೂ, ಹಿರಿಯರು ಸಲಹೆಗಾಗಿ 14567ಕ್ಕೂ ಕರೆಮಾಡಬಹುದು.