ಸಾಂಕ್ರಾಮಿಕದ ಕಾಲದಲ್ಲಿ ಪ್ರವಾಸ: ಹೊರಡುವ ಮುನ್ನ ಹಾಕಬೇಕಾದ ಲೆಕ್ಕ



ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಇನ್ನೂ ದೂರವಿರುವ ಏಪ್ರಿಲ್-ಮೇ ತಿಂಗಳುಗಳಲ್ಲಿ ನಮ್ಮ ತೋಟಗಾರರ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ವಾಡಿಕೆ. ಹುಬ್ಬಳ್ಳಿ, ಬೆಳಗಾವಿ ದಾಟಿ ನಿಪ್ಪಾಣಿಯ ಮೇಲಾಗಿ ಕೊಲ್ಲಾಪುರದ ಮಹಾಲಕ್ಷ್ಮಿ, ಅಲ್ಲಿಂದ ಪಂಢರಪುರ, ಸಾಧ್ಯವಾದರೆ ಶಿರಡಿ. ನಮ್ಮಲ್ಲಿ ಹಲವರು ಹೋಗಿ ಬಂದ ದಾರಿಯಿದು. ಈ ದಾರಿ 2020ರಿಂದ 2022ರವರೆಗೆ ಎಷ್ಟು ಸಲ ಮುಚ್ಚಿತು, ಎಷ್ಟು ಸಲ ತೆರೆಯಿತು, ತೆರೆದಾಗಲೂ ಯಾವ ಷರತ್ತಿನ ಮೇಲೆ ತೆರೆಯಿತು ಎಂಬುದು ಈಗ ಅನೇಕರಿಗೆ ಮರೆತುಹೋಗಿದೆ. ಕೋವಿಡ್ ಕುರಿತ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಸಾರಿತು. ಆದರೆ ಸಾಂಕ್ರಾಮಿಕವೆಂಬುದು ಒಮ್ಮೆ ಬಂದು ಹೋದರೆ ಮತ್ತೆ ಬಾರದ ವಸ್ತುವಲ್ಲ. ಮುಂದೆ ಅಂಥ ಕಾಲ ಒದಗಿದಾಗ “ಹೋಗೋಣವೇ, ಬೇಡವೇ” ಎಂಬ ಪ್ರಶ್ನೆಗೆ ನೆರೆಮನೆಯವರ ಧೈರ್ಯವನ್ನಾಗಲಿ ಅಂಜಿಕೆಯನ್ನಾಗಲಿ ಅಳತೆಗೋಲು ಮಾಡಿಕೊಳ್ಳದೆ, ನಾವೇ ಲೆಕ್ಕ ಹಾಕಿ ತೀರ್ಮಾನಿಸುವಂತಾಗಬೇಕು. ಈ ಲೇಖನದ ಉದ್ದೇಶ ಅಷ್ಟೇ.

ಗಡಿಯ ಐದು ತಾಲ್ಲೂಕುಗಳ ಪಾಠ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಬೆಳಗಾವಿ ಜಿಲ್ಲೆಯ ಈ ಐದು ತಾಲ್ಲೂಕುಗಳು ಕಾಫಿ, ಅಡಿಕೆಯ ಸೀಮೆಯಲ್ಲ. ಕಬ್ಬು, ತಂಬಾಕುಗಳ ಸೀಮೆ. ಆದರೂ ಪ್ರವಾಸದ ವಿಚಾರದಲ್ಲಿ ನಾವು ಕಲಿಯಬೇಕಾದುದು ಇಲ್ಲಿಂದಲೇ. ಇಲ್ಲಿನವರಿಗೆ ರಾಜ್ಯದ ಗಡಿಯೆಂಬುದು ನಕಾಶೆಯ ಮೇಲಿನ ಗೆರೆ ಮಾತ್ರ. ಕಾಗವಾಡ, ಅಥಣಿ ಕಡೆಯವರು ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಿರಜ್‌ಗೆ ಹೋಗುತ್ತಾರೆ. ನಿಪ್ಪಾಣಿಯವರ ಪೇಟೆ ವ್ಯವಹಾರ ಕೊಲ್ಲಾಪುರದೊಡನೆ ಹೆಣೆದುಕೊಂಡಿದೆ. ಹೆಣ್ಣು ಕೊಟ್ಟು ತರುವ ಸಂಬಂಧಗಳು ಎರಡೂ ಕಡೆ ಇವೆ. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಸುಮಾರಿಗೆ ನಡೆಯುವ ಮಾಯಕ್ಕದೇವಿಯ ಜಾತ್ರೆಗೆ ಮಹಾರಾಷ್ಟ್ರದಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರುವ ಭಕ್ತರು ಅಸಂಖ್ಯರು.

ಇಂಥ ಗಡಿಯಲ್ಲಿ ಏನಾಯಿತೆಂಬುದನ್ನು ಕ್ರಮವಾಗಿ ನೋಡೋಣ. 2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್. ಅದೇ ಏಪ್ರಿಲ್‌ನಲ್ಲಿ ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ, ದೂರದೂರಿಗೆ ಹೋಗಿ ಬಂದವರಿಂದ ಮೊದಲ್ಗೊಂಡ ಕೆಲವು ಪ್ರಕರಣಗಳ ಕಾರಣ ಇಡೀ ಊರಿಗೆ ಬೇಲಿ ಬಿತ್ತು. ಹೋದವರನ್ನು ದೂರಿ ಫಲವಿಲ್ಲ. ಹೊರಟ ದಿನ ಅವರಿಗೆ ಯಾವ ಕಾಯಿಲೆಯೂ ಇರಲಿಲ್ಲ, ಯಾವ ನಿಷೇಧವೂ ಇರಲಿಲ್ಲ. ಮೇ 18ರಂದು ಕರ್ನಾಟಕವು ಮಹಾರಾಷ್ಟ್ರ ಸೇರಿ ಕೆಲವು ರಾಜ್ಯಗಳಿಂದ ಬರುವವರನ್ನು ತಡೆಯಿತು. ಆಮೇಲೆ ಮಹಾರಾಷ್ಟ್ರದಿಂದ ಬಂದವರಿಗೆ ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಕಡ್ಡಾಯವಾಯಿತು. ಆಗಸ್ಟ್ 24ರಂದು ಅದೆಲ್ಲ ರದ್ದಾಯಿತು. 2021ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದಲ್ಲಿ ಸೋಂಕು ಏರಿದಂತೆ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ವರದಿ ಬೇಕೆಂಬ ಆಜ್ಞೆ ಬಂತು. ಆ ವರ್ಷದ ಭಾರತ ಹುಣ್ಣಿಮೆ ಬಿದ್ದುದು ಫೆಬ್ರವರಿ 27ರಂದು, ಎಂದರೆ ಆಜ್ಞೆಯ ಬೆನ್ನಿಗೇ. ಜುಲೈ 31ರ ಆಜ್ಞೆಯಂತೂ ಲಸಿಕೆ ಹಾಕಿಸಿಕೊಂಡವರಿಗೂ ವರದಿ ಬೇಕೆಂದಿತು. ಹೆದ್ದಾರಿಯಲ್ಲಿ ನಿಪ್ಪಾಣಿಯ ಆಚೆಗಿನ ಕೊಗನೊಳ್ಳಿ ತಪಾಸಣಾ ಠಾಣೆಯಲ್ಲಿ ವರದಿಯಿಲ್ಲದ ವಾಹನಗಳನ್ನು ಹಿಂದಕ್ಕೆ ಕಳುಹಿಸಿದರು.

ಅದೇ ಜುಲೈ ಕೊನೆಯ ವಾರದಲ್ಲಿ ವೇದಗಂಗೆ ಉಕ್ಕಿ ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಒಂದೇ ದಾರಿಗೆ ಒಂದೇ ತಿಂಗಳಲ್ಲಿ ನೆರೆಯ ತಡೆ, ಅದು ಇಳಿಯುತ್ತಲೇ ವರದಿಯ ತಡೆ.

ಈ ಪಟ್ಟಿಯಿಂದ ತಿಳಿಯುವುದೇನೆಂದರೆ, ಹೊರಡುವ ದಿನದ ನಿಯಮವೇ ಹಿಂತಿರುಗುವ ದಿನವೂ ಇರುತ್ತದೆಂಬ ಭರವಸೆಯಿಲ್ಲ. ಹೋಗುವಾಗ ತೆರೆದ ಗೇಟು ಬರುವಾಗ ಮುಚ್ಚಿರಬಹುದು. ತೋಟಕ್ಕೆ ಹಿಂತಿರುಗಲೇಬೇಕಾದ ನಮಗೆ ಇದು ಸಣ್ಣ ಮಾತಲ್ಲ.

ಇದು ಹೊಸ ಸಂಗತಿಯೇನಲ್ಲ

ಪ್ರಯಾಣಕ್ಕೂ ರೋಗಕ್ಕೂ ಇರುವ ನಂಟನ್ನು ಈ ಸೀಮೆಯ ಹಿರಿಯರು ಕಂಡುಂಡವರು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಸ್ವಲ್ಪ ಕಾಲದಲ್ಲೇ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೆ ಇಳಿಯಿತು. ಇಲಿ ಬಿದ್ದ ಊರನ್ನು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುವುದನ್ನು ಜನ ಆಗ ಕಲಿತರು. ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಮಾಡಿತು. 2020ರಲ್ಲಿ ದೇಶವು ಕೈಗೆತ್ತಿಕೊಂಡುದೂ ಅದೇ ಕಾಯಿದೆಯನ್ನು. 1918ರ ಇನ್‌ಫ್ಲುಯೆಂಜಾ ಸಹ ಮುಂಬಯಿ ಬಂದರಿನಿಂದ ರೈಲಿನೊಡನೆ ಒಳನಾಡಿಗೆ ಬಂತು. ಆ ಒಂದು ಪಿಡುಗಿನಲ್ಲಿ ಭಾರತದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ನಮ್ಮ ಮಲೆನಾಡಿನವರಿಗೆ ಮಂಗನ ಕಾಯಿಲೆ ಪರಿಚಿತ. ಅದು ಉಣ್ಣೆಯಿಂದ ತಗಲುವ ರೋಗ, ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಕಾಡಿಗೆ ಹೋಗದಿದ್ದರೆ, ಮೈಗೆ ಎಣ್ಣೆ ಸವರಿಕೊಂಡರೆ ತಕ್ಕಮಟ್ಟಿಗೆ ರಕ್ಷಣೆ ದೊರೆಯುತ್ತದೆ. ಅಲ್ಲಿ ಅಪಾಯ ಹೋದವನಿಗೆ ಮಾತ್ರ. ಕೋವಿಡ್‌ನಂಥ ಉಸಿರಿನ ರೋಗದಲ್ಲಿ ಹಾಗಲ್ಲ. ಹೋದವನಿಗೆ ಏನೂ ಆಗದೆ ಮನೆಯಲ್ಲಿದ್ದವರಿಗೆ ಆಗಬಹುದು.

ದಿನಗಳ ಲೆಕ್ಕ

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಕೋವಿಡ್ ಸೋಂಕು ತಗಲಿದ ದಿನದಿಂದ ಜ್ವರ, ಕೆಮ್ಮು ಕಾಣಿಸಿಕೊಳ್ಳುವವರೆಗೆ 2ರಿಂದ 14 ದಿನ ಹಿಡಿಯಬಹುದು. ಮೊದಲ ಅಲೆಗಳಲ್ಲಿ ಬಹುಮಂದಿಗೆ ಇದು 5 ದಿನದ ಆಚೀಚೆ ಇತ್ತು. ಒಮಿಕ್ರಾನ್ ಬಂದ ಮೇಲೆ ಇನ್ನೂ ಕಡಿಮೆಯಾಯಿತು. ಮುಖ್ಯವಾದ ಅಂಶವೆಂದರೆ, ಲಕ್ಷಣ ಕಾಣುವುದಕ್ಕೆ ಒಂದೆರಡು ದಿನ ಮೊದಲೇ ಆ ಮನುಷ್ಯ ಇತರರಿಗೆ ರೋಗ ಹರಡಬಲ್ಲ.

ಒಬ್ಬ ತೋಟಗಾರ ಸೋಮವಾರ ಹೊರಟು ಗುರುವಾರ ರಾತ್ರಿ ಮನೆಗೆ ಬಂದನೆನ್ನಿ. ಬುಧವಾರ ದೇವಸ್ಥಾನದ ಸಾಲಿನಲ್ಲೋ ಹೋಟೆಲಿನಲ್ಲೋ ಸೋಂಕು ತಗಲಿತು. ಶುಕ್ರವಾರ ಆರಾಮ. ಶನಿವಾರ ಆಳುಗಳಿಗೆ ಬಟವಾಡೆ; ಒಬ್ಬೊಬ್ಬರನ್ನೇ ಕರೆದು ಎದುರಿಗೆ ನಿಂತು ಹಣ ಎಣಿಸಿ ಕೊಡುತ್ತಾನೆ. ಭಾನುವಾರ ತಾಯಿಯ ಪಕ್ಕದಲ್ಲಿ ಕುಳಿತು ಪ್ರಸಾದ ಕೊಟ್ಟು ಪ್ರವಾಸದ ಕಥೆ ಹೇಳುತ್ತಾನೆ. ಸೋಮವಾರ ಮೈ ಬೆಚ್ಚಗಾಗುತ್ತದೆ. ಅವನು ರೋಗ ಹರಡಬಲ್ಲವನಾಗಿದ್ದುದು ಶನಿವಾರ, ಭಾನುವಾರಗಳಂದೇ. ಅಂದರೆ ತಾನು ಪೂರ್ಣ ಆರೋಗ್ಯವಂತನೆಂದು ತಿಳಿದಿದ್ದ ದಿನಗಳಂದು.

“ಪರೀಕ್ಷೆ ಮಾಡಿಸಿದ್ದೇನೆ, ನೆಗೆಟಿವ್ ಬಂದಿದೆ” ಎಂಬ ಮಾತಿಗೂ ಮಿತಿಯಿದೆ. ವರದಿಯು ಮೂಗಿನ ದ್ರವ ತೆಗೆದ ಹೊತ್ತಿನ ಸ್ಥಿತಿಯನ್ನು ಹೇಳುತ್ತದೆ. ಸೋಂಕು ತಗಲಿದ ಮೊದಲ ಒಂದೆರಡು ದಿನ ಅದು ಪರೀಕ್ಷೆಗೆ ಸಿಗದೇ ಹೋಗಬಹುದು. ಗಡಿ ದಾಟಲು ಆ ಕಾಗದ ಸಾಕು, ತಾಯಿಯ ಪಕ್ಕದಲ್ಲಿ ಕೂರಲು ಸಾಲದು. ಲಸಿಕೆಯ ಮಾತೂ ಹೀಗೆಯೇ. ಅದು ರೋಗ ಉಲ್ಬಣಿಸದಂತೆ ಚೆನ್ನಾಗಿ ತಡೆಯುತ್ತದೆ, ಆದ್ದರಿಂದ ಹಾಕಿಸಿಕೊಳ್ಳಲೇಬೇಕು; ಆದರೆ ಹಾಕಿಸಿಕೊಂಡವರು ಸೋಂಕನ್ನು ಹೊತ್ತು ತರಲಾರರೆಂದು ಹೇಳುವಂತಿಲ್ಲ.

ತೋಟದ ಲೆಕ್ಕ

ನೌಕರಿಯವರಿಗೆ ರಜೆಯಿರುತ್ತದೆ, ಕಾಯಿಲೆಯಾದರೆ ಇನ್ನಷ್ಟು ರಜೆ ಸಿಗುತ್ತದೆ. ತೋಟಕ್ಕೆ ರಜೆಯಿಲ್ಲ. ಆದ್ದರಿಂದ ನಾಲ್ಕು ದಿನದ ಪ್ರವಾಸವನ್ನು ನಾಲ್ಕು ದಿನವೆಂದು ಎಣಿಸದೆ, ಬಂದ ಮೇಲೆ ಎರಡು ವಾರ ಮನೆಯ ಯಜಮಾನ ಮಲಗಿದರೆ ಏನು ನಡೆಯುತ್ತದೆ, ಏನು ನಿಲ್ಲುತ್ತದೆ ಎಂದು ಎಣಿಸಬೇಕು.

ಅರೇಬಿಕಾ ಕೊಯ್ಲು ನವೆಂಬರಿನಿಂದ, ರೊಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೆ. ಆಗ ಲೈನಿನಲ್ಲಿ ಒಬ್ಬರಿಗೆ ಸೋಂಕು ತಗಲಿದರೆ ಒಂದೇ ಗೋಡೆಯ ಆಚೀಚೆ ಇರುವ ಎಲ್ಲರಿಗೂ ತಗಲುವ ಸಂಭವ. ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಅಡಿಕೆಯಲ್ಲಿ ಕೆಂಪಡಿಕೆ ಮಾಡುವವರು ಹದ ನೋಡಿ ಕೊನೆ ಇಳಿಸಬೇಕು. ಎರಡು ವಾರ ತಪ್ಪಿದರೆ ಗೋಟಾಗುತ್ತದೆ. ಕೊನೆಗಾರನೊಬ್ಬ ಹಲವು ತೋಟಗಳಿಗೆ ಹೋಗುವವನು; ಅವನು ಮಲಗಿದರೆ ಊರಿನ ಕೊನೆಯೆಲ್ಲ ಮರದಲ್ಲೇ. ಮುಂಗಾರಿನ ಮೊದಲ ಬೋರ್ಡೋ ಸಿಂಪಡಣೆ, ಅದಾದ 40-45 ದಿನಕ್ಕೆ ಎರಡನೆಯದು. ಇದು ತಪ್ಪಿದರೆ ಕೊಳೆ ರೋಗ ಕಾಯುವುದಿಲ್ಲ.

ಹಾಗಾದರೆ ಪ್ರವಾಸಕ್ಕೆ ಉಳಿಯುವುದು ಏಪ್ರಿಲ್-ಮೇ, ಮತ್ತು ದಸರೆಯ ಆಸುಪಾಸು. ದುರದೃಷ್ಟವಶಾತ್ 2020, 2021 ಎರಡೂ ವರ್ಷ ನಮ್ಮ ಬಿಡುವಿನ ಮೇ ತಿಂಗಳೇ ಕೆಟ್ಟ ತಿಂಗಳಾಯಿತು. 2021ರ ಮೇ ಮೊದಲ ವಾರದಲ್ಲಿ ಕರ್ನಾಟಕದಲ್ಲಿ ಒಂದು ದಿನ 50 ಸಾವಿರಕ್ಕೂ ಮೇಲ್ಪಟ್ಟು ಹೊಸ ಪ್ರಕರಣಗಳು ದಾಖಲಾದವು. ಜೂನ್ 14ರಂದು ಬಹುತೇಕ ಜಿಲ್ಲೆಗಳಿಗೆ ಸಡಿಲಿಕೆ ಕೊಟ್ಟಾಗಲೂ ಬೆಳಗಾವಿ, ಚಿಕ್ಕಮಗಳೂರು, ಹಾಸನ, ಕೊಡಗು, ಶಿವಮೊಗ್ಗ ಮುಂತಾದ 11 ಜಿಲ್ಲೆಗಳಿಗೆ ಕೊಡಲಿಲ್ಲ. ಬಿಡುವು ಇದೆಯೆಂಬುದೇ ಹೊರಡಲು ಸಾಕಾದ ಕಾರಣವಲ್ಲವೆಂಬುದಕ್ಕೆ ಬೇರೆ ಉದಾಹರಣೆ ಬೇಡ.

ಅಗತ್ಯದ ಪ್ರಯಾಣ ಬೇರೆ, ಪ್ರವಾಸ ಬೇರೆ

ಕಾಗವಾಡದ ರೋಗಿಯೊಬ್ಬ ಮಿರಜ್‌ಗೆ ಹೋಗುವುದನ್ನೂ ನಾವು ಕೊಲ್ಲಾಪುರ ನೋಡಲು ಹೋಗುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮ್ಮ ಅಡಿಕೆ ಬೆಳೆಗಾರರಿಗೆ ಗೊತ್ತಿರುವುದೇ. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ, ರೋಗಿಗಳನ್ನು ಬಿಡುವ ಕ್ರಮ ಏಪ್ರಿಲ್‌ನಲ್ಲಷ್ಟೇ ಗೊತ್ತಾಯಿತು. ವಿಹಾರಕ್ಕೆ ಹೊರಟ ವಾಹನಗಳಿಂದ ಗಡಿಯ ಠಾಣೆ ತುಂಬಿದಷ್ಟೂ ಚಿಕಿತ್ಸೆಗೆ, ಸಾವಿಗೆ, ಹೆರಿಗೆಗೆ ಹೊರಟವರು ಹಿಂದೆ ಬೀಳುತ್ತಾರೆ.

ತೀರ್ಥಯಾತ್ರೆ ಮುಂದೂಡಿದರೆ ದೋಷವೆಂದು ಹಿರಿಯರು ಹೇಳುವುದುಂಟು. 2020, 2021ರ ಆಷಾಢ ಏಕಾದಶಿಗೆ ಆಳಂದಿ, ದೇಹುಗಳಿಂದ ಸಂತರ ಪಾದುಕೆಗಳನ್ನೇ ಬಸ್ಸಿನಲ್ಲಿ ಪಂಢರಪುರಕ್ಕೆ ಒಯ್ದರು. ಲಕ್ಷಾಂತರ ವಾರಕರಿಗಳು ಮನೆಯಲ್ಲೇ ಕೈಮುಗಿದರು. ಶತಮಾನಗಳಿಂದ ನಡೆದು ಬಂದವರಿಗೆ ಸಾಧ್ಯವಾದುದು ನಮಗೆ ಅಸಾಧ್ಯವೇನಲ್ಲ.

ಹೊರಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಹಿಂತಿರುಗಿ ಬರುವ ಮನೆಯಲ್ಲಿ ಯಾರಿದ್ದಾರೆ? ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆಯವರು, ಬಸುರಿಯರು ಇದ್ದರೆ ಈ ಒಂದು ಪ್ರಶ್ನೆಯಲ್ಲೇ ಉತ್ತರ ಮುಗಿಯಬಹುದು.

2. ಬಂದ ಮೇಲೆ ಒಂದು ವಾರವಾದರೂ ಬೇರೆ ಕೋಣೆಯಲ್ಲೋ ತೋಟದ ಮನೆಯಲ್ಲೋ ಇರಲು ಅನುಕೂಲವಿದೆಯೇ? ಬಟವಾಡೆಯನ್ನು ಬೇರೆಯವರು ಮಾಡಬಲ್ಲರೇ?

3. ರೋಗ ಏರುತ್ತಿದೆಯೇ, ಇಳಿಯುತ್ತಿದೆಯೇ? ಒಂದು ದಿನದ ಅಂಕಿಯನ್ನು ನೋಡಬೇಡಿ. ನಮ್ಮ ಜಿಲ್ಲೆ ಮತ್ತು ಹೋಗುವ ಜಿಲ್ಲೆ ಎರಡರದೂ ಎರಡು ವಾರದ ಏರಿಳಿತ ನೋಡಿ. ಏರುತ್ತಿದ್ದರೆ ನಿಯಮವೂ ಬಿಗಿಯಾಗುವುದೇ ಸರಿ.

4. ಎಷ್ಟು ಗಡಿ ದಾಟಬೇಕು? ಅನುಮಾನದ ಕಾಲದಲ್ಲಿ ಸ್ವಂತ ಜಿಲ್ಲೆಯೊಳಗೆ, ಸ್ವಂತ ವಾಹನದಲ್ಲಿ, ಮನೆಯ ಬುತ್ತಿಯೊಡನೆ ಒಂದು ಹಗಲಿನ ಪ್ರವಾಸಕ್ಕೂ ನಾಲ್ಕು ರಾತ್ರಿ ಹೋಟೆಲಿನಲ್ಲಿ ಉಳಿಯುವ ಪ್ರವಾಸಕ್ಕೂ ಬಹಳ ವ್ಯತ್ಯಾಸವಿದೆ. ಬಯಲಿನಲ್ಲಿ ಅಪಾಯ ಕಡಿಮೆ. ಕಿಟಕಿ ಮುಚ್ಚಿದ ಬಸ್ಸು, ಗಾಳಿಯಾಡದ ಕೋಣೆಗಳಲ್ಲಿ ಹೆಚ್ಚು.

5. ದಾರಿಯಲ್ಲಿ ಕಾಯಿಲೆಯಾದರೆ ಎಲ್ಲಿ ಸೇರುವುದು? ಆಸ್ಪತ್ರೆಯೂ ನಮ್ಮ ಮನೆಯೂ ಗಡಿಯ ಎರಡು ಬದಿಗಿದ್ದರೆ ನೋಡಿಕೊಳ್ಳುವವರು ಯಾರು?

6. ಮುಂಗಡ ಹಣದ ಗತಿಯೇನು? ರದ್ದಾದರೆ ಎಷ್ಟು ದಿನದಲ್ಲಿ, ಎಷ್ಟು ಹಿಂದಕ್ಕೆ ಕೊಡುತ್ತಾರೆಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ. ಇಲ್ಲವಾದರೆ ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ. ಆದರೆ ಒಂದು ಮಾತು: ಮುಂಗಡ ಹೋಗುತ್ತದಲ್ಲ ಎಂಬ ಒಂದೇ ಸಂಕಟಕ್ಕೆ ಹೊರಡಬಾರದು. ಹೋದ ಹಣ ಹೊರಟರೂ ಬಾರದು, ನಿಂತರೂ ಬಾರದು.

ಮೊದಲ, ಎರಡನೆಯ ಪ್ರಶ್ನೆಗಳಿಗೆ ಸಮಾಧಾನಕರ ಉತ್ತರವಿಲ್ಲದಿದ್ದರೆ ಉಳಿದವುಗಳ ಚರ್ಚೆ ಅನಾವಶ್ಯಕ. ಅವೆರಡೂ ಸರಿಯಿದ್ದು, ರೋಗ ಇಳಿಮುಖದಲ್ಲಿದ್ದು, ದಾರಿ ಹತ್ತಿರದ್ದಾಗಿದ್ದರೆ ಹೋಗಿ ಬರುವುದರಲ್ಲಿ ತಪ್ಪಿಲ್ಲ. ವರ್ಷವಿಡೀ ದುಡಿದ ಮನೆಯ ಹೆಂಗಸರಿಗೆ ನಾಲ್ಕು ದಿನ ಒಲೆಯಿಂದ ಬಿಡುಗಡೆ ಬೇಡವೆಂದು ಹೇಳುವ ಉದ್ದೇಶ ನನ್ನದಲ್ಲ. ಎರಡು ವರ್ಷ ಬಾಗಿಲು ಹಾಕಿಕೊಂಡು ಕೂತು ಮನಸ್ಸು ಕುಗ್ಗಿದವರನ್ನೂ ನಾವು ಕಂಡಿದ್ದೇವೆ.

ಹೋಮ್‌ಸ್ಟೇ ನಡೆಸುವ ಸದಸ್ಯರಿಗೆ ಈ ಲೆಕ್ಕ ತಿರುಗುಮುರುಗಾಗಿ ಅನ್ವಯಿಸುತ್ತದೆ. ಅತಿಥಿ ಬಂದು ಹೋದ ಮೇಲೆ ಕೋಣೆ ಗುಡಿಸುವವಳು, ಅಡಿಗೆ ಬಡಿಸುವವನು ಅದೇ ಸಂಜೆ ಲೈನಿಗೆ ಹಿಂತಿರುಗುತ್ತಾರೆ. ಅತಿಥಿಯಿಂದ ಬರುವ ಬಾಡಿಗೆಯನ್ನು ಎಣಿಸುವಾಗ, ಕೊಯ್ಲಿನ ಕಾಲದಲ್ಲಿ ಆ ಲೈನು ಎರಡು ವಾರ ನಿಂತರೆ ಆಗುವ ನಷ್ಟವನ್ನೂ ಪಕ್ಕದಲ್ಲಿ ಬರೆದು ನೋಡಬೇಕು.

ಈ ಆರು ಪ್ರಶ್ನೆಗಳನ್ನು ಕತ್ತರಿಸಿ ಕ್ಯಾಲೆಂಡರಿನ ಹಿಂದೆ ಅಂಟಿಸಿಟ್ಟುಕೊಳ್ಳಬೇಕಾಗಿ ಸದಸ್ಯರಲ್ಲಿ ವಿನಂತಿ. ಮನೆಯವರೆಲ್ಲ ಒಟ್ಟಿಗೆ ಕುಳಿತು, ವಯಸ್ಸಾದವರನ್ನೂ ಕೇಳಿ, ಉತ್ತರ ಬರೆಯಿರಿ. ಅಪಾಯದ ಹೆಚ್ಚಿನ ಪಾಲು ಹೊರುವವರು ಅವರೇ ಆದ್ದರಿಂದ ಮಾತೂ ಅವರದು ಮೊದಲು ನಡೆಯಲಿ.

- ಕಾರ್ಯದರ್ಶಿ