ಯುದ್ಧಕೈದಿ ಎಂದರೆ ಯಾರು?



ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಿನಿಮಾ ಸೀಡಿ ಹಾಕಿ ನೋಡಿದೆವು. ಹೆಸರು ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’. 1957ರ ಇಂಗ್ಲಿಷ್ ಚಿತ್ರ, ಡೇವಿಡ್ ಲೀನ್ ನಿರ್ದೇಶಕರು. ಮಾತು ಅರ್ಧ ಅರ್ಥವಾಗಲಿಲ್ಲ, ಆದರೆ ಕಾಡು, ಬಿದಿರು, ಹೊಳೆ ಎಲ್ಲಾ ನಮ್ಮ ಕಬಿನಿ ಕಡೆ ಇದ್ದ ಹಾಗೇ ಇತ್ತು. ಚಿತ್ರ ತೆಗೆದದ್ದು ಶ್ರೀಲಂಕಾದಲ್ಲಂತೆ.

ಕತೆ ಎರಡನೇ ಮಹಾಯುದ್ಧದ್ದು. ಜಪಾನಿನವರ ಕೈಗೆ ಸಿಕ್ಕ ಬ್ರಿಟಿಷ್ ಸೈನಿಕರು ಹೊಳೆಗೆ ಸೇತುವೆ ಕಟ್ಟಬೇಕು. ಅವರನ್ನು ನೋಡಿ ನಮ್ಮವ್ವ, “ಪಾಪ, ಇವ್ರೇನ್ ತಪ್ಪು ಮಾಡವ್ರೆ? ಕಳ್ಳತನ ಮಾಡಿದ್ರಾ?” ಅಂತ ಕೇಳಿದಳು.

ಇಲ್ಲ. ಯುದ್ಧಕೈದಿ ಅಪರಾಧಿಯಲ್ಲ. ಯುದ್ಧದಲ್ಲಿ ಶತ್ರುವಿನ ಕೈಗೆ ಸಿಕ್ಕ ಸೈನಿಕ, ಅಷ್ಟೇ. ಅವನನ್ನು ಹೇಗೆ ನೋಡಿಕೊಳ್ಳಬೇಕು ಎಂದು 1929ರ ಜಿನೀವಾ ಒಪ್ಪಂದದಲ್ಲಿ ಬರೆದಿದೆ. ಹೊಟ್ಟೆಗೆ ಕೊಡಬೇಕು, ಹಿಂಸೆ ಕೊಡಬಾರದು, ಯುದ್ಧಕ್ಕೆ ಸಂಬಂಧಿಸಿದ ಕೆಲಸ ಮಾಡಿಸಬಾರದು, ಅಧಿಕಾರಿಗಳನ್ನು ಬಲವಂತವಾಗಿ ದುಡಿಸಬಾರದು. ಚಿತ್ರದಲ್ಲಿ ಬ್ರಿಟಿಷ್ ಕರ್ನಲ್ ಆ ಪುಸ್ತಕ ತೋರಿಸುತ್ತಾನೆ. ಜಪಾನಿ ಅಧಿಕಾರಿ ಅದೇ ಪುಸ್ತಕದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ! ಜಪಾನ್ ಆ ಒಪ್ಪಂದಕ್ಕೆ ಸಹಿ ಹಾಕಿತ್ತು, ಆದರೆ ಆಮೇಲೆ ಅದನ್ನು ಅಂಗೀಕರಿಸಿರಲಿಲ್ಲ.

ನಮ್ಮ ರಾಜ್ಯದಲ್ಲೂ ಇಂಥ ಶಿಬಿರಗಳಿದ್ದವು ಗೊತ್ತೇ? ಅದೇ ಯುದ್ಧದಲ್ಲಿ ಆಫ್ರಿಕಾದಲ್ಲಿ ಸೆರೆಸಿಕ್ಕ ಸಾವಿರಾರು ಇಟಲಿ ಸೈನಿಕರನ್ನು ಬ್ರಿಟಿಷರು ಬೆಂಗಳೂರಿಗೆ ತಂದು ಜಾಲಹಳ್ಳಿ ಕಡೆ ಇಟ್ಟಿದ್ದರು.

ಚಿತ್ರದ ಕತೆ ಕಲ್ಪನೆ, ಆದರೆ ರೈಲುದಾರಿ ನಿಜ. ಥೈಲ್ಯಾಂಡಿನಿಂದ ಬರ್ಮಾಕ್ಕೆ 415 ಕಿ.ಮೀ. ದಾರಿ. 1942ರಲ್ಲಿ ಶುರುವಾಗಿ 1943ರ ಅಕ್ಟೋಬರಿನಲ್ಲಿ ಮುಗಿಯಿತು. 12 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಸಿನಿಮಾದಲ್ಲಿ ಮರದ ಸೇತುವೆ ಸಿಡಿದು ಬೀಳುತ್ತದೆ. ನಿಜವಾದ ಕಬ್ಬಿಣದ ಸೇತುವೆ ಥೈಲ್ಯಾಂಡಿನ ಕಾಂಚನಬುರಿಯಲ್ಲಿ ಈಗಲೂ ಇದೆ, ರೈಲೂ ಓಡುತ್ತದೆ.

ಆಮೇಲೆ ಅವ್ವ ಇನ್ನೊಂದು ಪ್ರಶ್ನೆ ಕೇಳಿದಳು. “ಅಷ್ಟು ದೊಡ್ಡ ಕಾಡು ಕಡ್ದು ಮಣ್ಣು ಹೊತ್ತೋರು ಇವ್ರು ಇಷ್ಟೇ ಜನನಾ?”

ಅಲ್ಲ. ಚಿತ್ರದಲ್ಲಿ ಸೇತುವೆ ಕಟ್ಟುವ ಕಡೆ ಕಾಣದವರೇ ಹೆಚ್ಚು. ಬರ್ಮಾ, ಜಾವಾ, ಮಲಯದ ಕೂಲಿಗಳು ಲಕ್ಷಕ್ಕೂ ಮೀರಿ ಇದ್ದರು. ಅವರಲ್ಲಿ ಮಲಯದ ರಬ್ಬರ್ ತೋಟದ ತಮಿಳರು ಬಹಳ. ಕೆಲವರಿಗೆ ಒಳ್ಳೇ ಕೂಲಿ ಎಂದು ಆಸೆ ತೋರಿಸಿದರು, ಕೆಲವರನ್ನು ಬಲವಂತವಾಗಿ ಎಳೆದುಕೊಂಡು ಹೋದರು. ಕಾಲರಾ, ಮಲೇರಿಯಾ, ಹಸಿವಿನಿಂದ ಸುಮಾರು 90 ಸಾವಿರ ಜನ ಸತ್ತರೆಂದು ಅಂದಾಜು. ಸೈನಿಕರ ಜೊತೆ ಅವರದೇ ಡಾಕ್ಟರು, ಅಧಿಕಾರಿಗಳು ಇದ್ದರು. ಕೂಲಿಗಳಿಗೆ ಯಾರೂ ಇರಲಿಲ್ಲ. ಆ ಪುಸ್ತಕ ಸೈನಿಕರಿಗೆ ಮಾತ್ರ, ಕೂಲಿಯವರ ಮಾತು ಅದರಲ್ಲಿಲ್ಲ. ಕಾಂಚನಬುರಿಯ ಸ್ಮಶಾನದಲ್ಲಿ ಸೈನಿಕರ ಸಮಾಧಿಯ ಮೇಲೆ ಹೆಸರು ಕೆತ್ತಿದ್ದಾರೆ. ಕೂಲಿಗಳಲ್ಲಿ ಹೆಚ್ಚಿನವರಿಗೆ ಸಮಾಧಿಯೂ ಇಲ್ಲ, ಹೆಸರೂ ಇಲ್ಲ.

ಇದನ್ನು ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅವಳೂ ಪ್ರತಿ ವರ್ಷ ಜೀಪು ಹತ್ತಿ ಕೊಡಗಿಗೆ ಕಾಫಿ ಕುಯ್ಯಲು ಹೋಗುತ್ತಾಳೆ. ಯಾವ ತೋಟ ಎಂದು ಕೇಳಿದರೆ “ಮೇಸ್ತ್ರಿಗೆ ಗೊತ್ತು ಕಣ್ಲಾ” ಅನ್ನುತ್ತಿದ್ದಳು. ಇಲ್ಲಿ ಯುದ್ಧವಿಲ್ಲ, ಅವಳು ಕೈದಿಯೂ ಅಲ್ಲ, ನಿಜ. ಆದರೂ ಈ ಸಲ ತೋಟದ ಹೆಸರು, ಊರು, ಮೇಸ್ತ್ರಿಯ ಫೋನ್ ನಂಬರು, ಹೋದ ದಿನ ಎಲ್ಲಾ ನನ್ನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.

ನಿಮ್ಮ ಮನೆಯಿಂದಲೂ ಹೋಗುವವರಿದ್ದರೆ ನೀವೂ ಬರೆದಿಟ್ಟುಕೊಳ್ಳಿ.

— 9ನೇ ತರಗತಿಯ ವಿದ್ಯಾರ್ಥಿ